ಕಾಲು ಮುಂದಾದ ಕೂಸು

ಧನಕವಡಿಯ ಹೆರಿಗೆ ದವಾಖಾನೆಯಲ್ಲಿ ಮಂಗಳವಾರವೆಂದರೆ ಬಸುರಿಯರ ತಪಾಸಣೆಯ ದಿನ. ಬೆಳಿಗ್ಗೆ ಎಂಟು ಹೊಡೆಯುವುದರೊಳಗೆ ಗೋಡೆಗುಂಟ ಹಾಕಿದ ಬಾಕು, ಉದ್ದ ಬೆಂಚು, ತುಂಬಿಹೋಗುತ್ತಿತ್ತು. ತಡವಾಗಿ ಬಂದವರು ಚೀಲ ಹಾಸಿಕೊಂಡು ನೆಲದ ಮೇಲೇ ಕೂಡುತ್ತಿದ್ದರು. ಅಲ್ಲಿ ಯಾರಿಗೂ ಯಾರ ಹೆಸರೂ ಗೊತ್ತಿರುತ್ತಿರಲಿಲ್ಲ. ಆದರೆ ಯಾರಿಗೆ ಎಷ್ಟು ತಿಂಗಳು, ಯಾರ ಕಾಲು ಬಾತಿದೆ, ಯಾರಿಗೆ ಎದೆ ಉರಿ ಎಂಬುದೆಲ್ಲ ಗೊತ್ತಿರುತ್ತಿತ್ತು. ಒಬ್ಬಳು ತನ್ನ ಅಂಜಿಕೆ ಹೇಳಿದರೆ ಇನ್ನೊಬ್ಬಳು ಧೈರ್ಯ ಹೇಳಲೇಬೇಕು, ಅದು ಆ ಬಾಕಿನ ರೀತಿ. ಹೋದ ವಾರ ಧೈರ್ಯ ಹೇಳಿದವಳೇ ಈ ವಾರ ಅಂಜಿಕೊಂಡು ಬಂದಿರುತ್ತಿದ್ದಳು. ಆಗ ಬೇರೊಬ್ಬಳು ಹೇಳುತ್ತಿದ್ದಳು.

ಮರಾಠಿಯ ಆ ಗದ್ದಲದಲ್ಲಿ ಒಂದು ಮೂಲೆಯಿಂದ ಕನ್ನಡ ಕೇಳಿಸಿದರೆ ಅಲ್ಲಿ ದೀಪಾಲಿ ಮತ್ತು ಸಾಬವ್ವ ಕೂತಿದ್ದಾರೆಂದು ತಿಳಿಯಬೇಕು.

ದೀಪಾಲಿಗೆ ಇಪ್ಪತ್ತನಾಲ್ಕು ವರ್ಷ. ಸೊಲ್ಲಾಪುರದ ಹುಡುಗಿ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಬಿ.ಕಾಂ. ಮಾರ್ಕೆಟ್ ಯಾರ್ಡಿನ ಬೆಲ್ಲದ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಶಿವಪ್ರಕಾಶನನ್ನು ಮದುವೆಯಾಗಿ ಪುಣೆಗೆ ಬಂದು ಒಂದೂವರೆ ವರ್ಷವಾಗಿತ್ತು. ಚೊಚ್ಚಲ ಬಸುರು, ಎಂಟನೆಯ ತಿಂಗಳು. ಅವಳ ಪರ್ಸಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇತ್ತು. ವಾರಪತ್ರಿಕೆಯಲ್ಲಿ ಓದಿದ್ದು, ಓಣಿಯಲ್ಲಿ ಕೇಳಿದ್ದು, ತನ್ನಷ್ಟಕ್ಕೆ ತಾನೇ ಹುಟ್ಟಿಸಿಕೊಂಡದ್ದು, ಹೀಗೆ ತನ್ನ ಭಯಗಳನ್ನೆಲ್ಲ ಅದರಲ್ಲಿ ಬರೆದಿಟ್ಟಿದ್ದಳು. ಹೊಕ್ಕುಳ ಬಳ್ಳಿ ಕೂಸಿನ ಕೊರಳಿಗೆ ಸುತ್ತಿಕೊಂಡರೆ? ಹುಟ್ಟಿದ ಕೂಸು ಅಳದಿದ್ದರೆ? ಕಾಮಾಲೆ ಆದರೆ? ಹಾಲೇ ಬರದಿದ್ದರೆ?

"ಹಾಲು ಬರ್ತಾವೋ ಇಲ್ಲೋ ಅಂತ ಎಮ್ಮಿ ಯಾವಾಗರ ಪುಸ್ತಕ ತಗದು ನೋಡ್ತದೇನ್ರಿ ಅಕ್ಕಾರ?" ಎಂದು ಸಾಬವ್ವ ಕೇಳುತ್ತಿದ್ದಳು.

"ಎಮ್ಮಿಗೆ ಅತ್ತಿ ಇರಂಗಿಲ್ಲ ಸಾಬವ್ವ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪಕ್ಕದ ಮರಾಠಿ ಹೆಂಗಸರು ಏನೆಂದು ಕೇಳಿದರೆ ದೀಪಾಲಿ ಅವರಿಗೂ ಹೇಳುತ್ತಿದ್ದಳು, ಆಮೇಲೆ ಅವರೂ ನಗುತ್ತಿದ್ದರು.

ಸಾಬವ್ವ ಯಾದಗಿರಿ ಕಡೆಯವಳು, ಇಪ್ಪತ್ತು ವರ್ಷದವಳು. ಗಂಡ ಬಾಬು ಗೌಂಡಿ ಕೆಲಸದವನು. ಮೊದಲು ಧನಕವಡಿಯಲ್ಲೇ ಕೆಲಸವಿತ್ತು, ದವಾಖಾನೆಯ ಕಾರ್ಡನ್ನೂ ಇಲ್ಲೇ ಮಾಡಿಸಿದ್ದಳು. ಈಗ ಕಟ್ಟಡ ಕೊಂಢವಾದಲ್ಲಿ. ತಗಡಿನ ಶೆಡ್ಡಿನಲ್ಲಿ ವಾಸ. ಆರು ತಿಂಗಳಾಗುವ ತನಕ ಇಟ್ಟಿಗೆ ಹೊತ್ತವಳು. ಅವಳಿಗೂ ಚೊಚ್ಚಲವೇ; ಆದರೆ ಅಣ್ಣನ ಎರಡು ಕೂಸುಗಳಿಗೆ ಎರೆದು ಬೆಳೆಸಿದ ಕೈ ಅವಳದು. "ಹಿಂಗ ಕಾಲ ಚಾಚಿ ಮಲಗಿಸ್ಕೋಬೇಕ್ರಿ. ನೆತ್ತಿಗೆ ಎಣ್ಣಿ ತಟ್ಟಬೇಕು. ಅಳ್ತದ, ಅತ್ರ ಅಳ್ಲಿ ಬಿಡ್ರಿ, ಎದಿ ಬಿಚ್ಚತದ," ಎಂದು ಬಾಕಿನ ಮೇಲೇ ಕಾಲು ಚಾಚಿ ಗಾಳಿಯಲ್ಲಿ ಕೂಸಿಗೆ ಎಣ್ಣೆ ಹಚ್ಚಿ ತೋರಿಸುತ್ತಿದ್ದಳು. ದೀಪಾಲಿಯ ನೋಟ್‌ಬುಕ್ಕಿನ ಒಂದೊಂದೇ ಭಯ ಅವಳ ಮಾತಿನಿಂದ ಸಣ್ಣದಾಗುತ್ತಿತ್ತು. ಆ ಮಂಗಳವಾರಗಳಿಗಾಗಿಯೇ ದೀಪಾಲಿ ವಾರವನ್ನು ತಳ್ಳುತ್ತಿದ್ದಳೆಂದರೂ ತಪ್ಪಿಲ್ಲ. ಬದಲಿಗೆ ಅವಳು ಮಾಡುತ್ತಿದ್ದದ್ದು ಒಂದೇ ಕೆಲಸ: ಡಾಕ್ಟರಮ್ಮನ ಮರಾಠಿಯನ್ನು ಸಾಬವ್ವನಿಗೆ ಕನ್ನಡದಲ್ಲಿ ಹೇಳುವುದು.

ಸಾಬವ್ವನಿಗೆ ಇದ್ದ ಅಂಜಿಕೆ ಒಂದೇ ಒಂದು. ಅವಳ ದೊಡ್ಡಕ್ಕನನ್ನು ಹೆರಿಗೆಗೆಂದು ಕಲಬುರ್ಗಿಗೆ ಒಯ್ದು ಹೊಟ್ಟೆ ಕೊಯ್ಸಿದ್ದರು. "ಹೊಳ್ಳಿ ಬರ್ಲಿಲ್ರಿ. ಕೊಯ್ಯೋದು ಅಂದ್ರೋ, ನಾ ಹೊಟ್ಟಿ ಹೊತ್ಕೊಂಡೇ ಓಡಿಹೋಗ್ತೀನಿ," ಎನ್ನುತ್ತಿದ್ದಳು. ಅದನ್ನು ಮಾತ್ರ ನಗದೆ ಹೇಳುತ್ತಿದ್ದಳು.

ಅದು ತೊಂಬತ್ತೊಂಬತ್ತನೆಯ ಇಸವಿಯ ಆಗಸ್ಟ್ ತಿಂಗಳು, ಆಷಾಢ ಅಮಾವಾಸ್ಯೆಯ ಹಿಂದಿನ ದಿನ. ಸಾಬವ್ವನಿಗೆ ಒಂಬತ್ತರಲ್ಲಿ ಬಿದ್ದಿತ್ತು. ಸರದಿ ಬಂದಾಗ ಎಂದಿನಂತೆ ದೀಪಾಲಿಯೂ ಪರದೆಯೊಳಗೆ ಹೋದಳು. ಡಾಕ್ಟರಮ್ಮ ಹೊಟ್ಟೆಯ ಮೇಲುಭಾಗ ಒತ್ತಿದರು, ಕೆಳಗೆ ಒತ್ತಿದರು, ಮತ್ತೆ ಮೇಲೆ ಒತ್ತಿದರು. ಕೈ ತೊಳೆಯುತ್ತ ದೀಪಾಲಿಯ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದರು: ಕೂಸು ಪಾಯಾಳು ಇದೆ, ಕಾಲು ಕೆಳಗೆ, ತಲೆ ಮೇಲೆ. ಚೊಚ್ಚಲು, ಸೊಂಟವೂ ಸಣ್ಣದು. ಇನ್ನು ತಿರುಗುವ ಭರವಸೆ ಕಡಿಮೆ. ಹಳ್ಳಿಯಲ್ಲಿ, ಸೂಲಗಿತ್ತಿಯ ಕೈಯಲ್ಲಿ ಈ ಹೆರಿಗೆ ಆಗಬಾರದು. ತಲೆ ಸಿಕ್ಕಿಕೊಂಡರೆ ಇಬ್ಬರೂ ಉಳಿಯುವುದಿಲ್ಲ. ಮುಂದಿನ ಮಂಗಳವಾರ ಚೀಟಿ ಕೊಡುತ್ತೇನೆ, ದೊಡ್ಡ ದವಾಖಾನೆಗೆ ಸೇರಬೇಕು, ಆಪರೇಶನ್ ಆಗಬಹುದು. ಊರಿಗೆ ಮಾತ್ರ ಹೋಗಬಾರದು. "ನೀಟ್ ಸಾಂಗಾ ತಿಲಾ," ಸರಿಯಾಗಿ ಹೇಳಿ ಅವಳಿಗೆ, ಎಂದರು.

ಸಾಬವ್ವ ಮಲಗಿದಲ್ಲಿಂದಲೇ ದೀಪಾಲಿಯ ಮಣಿಕಟ್ಟು ಹಿಡಿದಿದ್ದಳು. ಡಾಕ್ಟರಮ್ಮನ ಮುಖವನ್ನೊಮ್ಮೆ, ದೀಪಾಲಿಯ ಮುಖವನ್ನೊಮ್ಮೆ ನೋಡುತ್ತಿದ್ದಳು.

"ಏನಂದ್ರಿ? ಕೊಯ್ಯೋ ಮಾತೇನ್ರಿ ಅಕ್ಕಾರ?"

ಮಣಿಕಟ್ಟಿನ ಮೇಲಿನ ಆ ಹಿಡಿತ ಬಿಗಿಯಾಯಿತು. ದೀಪಾಲಿ ನಕ್ಕಳು. "ಹೇ, ಇಲ್ಲ. ಎಲ್ಲಾ ಆರಾಮ ಅದ ಅಂತ. ಕೂಸು ಇನ್ನಾ ತಿರುಗಬೇಕಂತ. ತಿರುಗ್ತದಂತ."

ಮೇಜಿನ ಹತ್ತಿರ ಕಾರ್ಡು ಬರೆಯುತ್ತಿದ್ದ ನರ್ಸು ತಲೆ ಎತ್ತದೆ ಕೇಳಿದಳು, "ಸಾಂಗಿತಲಂ ನಾ?" ಹೇಳಿದಿರಿ ತಾನೇ?

"ಹೋ," ಹೌದು, ಎಂದಳು ದೀಪಾಲಿ.

ಮುಂದಿನ ಮಂಗಳವಾರ ಇದ್ದೇ ಇದೆಯಲ್ಲ, ಅಷ್ಟರಲ್ಲಿ ಕೂಸು ತಿರುಗಿದರೂ ತಿರುಗಬಹುದು, ಇಲ್ಲವಾದರೆ ಮೆಲ್ಲಗೆ ಹೇಳಿದರಾಯಿತು ಎಂದು ಅವಳ ಲೆಕ್ಕ. ಆ ಲೆಕ್ಕ ದವಾಖಾನೆಯ ಗೇಟಿನ ತನಕ ಉಳಿಯಿತು. ಗೇಟಿನಲ್ಲಿ ಸಾಬವ್ವ ಸೆರಗು ಸರಿಮಾಡಿಕೊಳ್ಳುತ್ತ ಹೇಳಿದಳು, "ಇನ್ನ ನಾ ಬರಂಗಿಲ್ರಿ ಅಕ್ಕಾರ. ನಾಳಿ ನಮ್ಮಣ್ಣ ಬರ್ತಾನ, ಪಂಚಮಿಗೆ ಕರಿಯಾಕ. ಅಲ್ಲೇ ಹಡೀತೀನಿ. ನಮ್ಮ ಓಣ್ಯಾಗ ಸೂಲಗಿತ್ತಿ ಮುದುಕಿ ಅದಾಳ, ನನ್ನನ್ನೂ ಅಕೀನಽ ಹಡಸಿದಾಕಿ."

"ನಾಳೆ ಗ್ರಹಣ ಅಲ್ಲೇನು?" ದೀಪಾಲಿಗೆ ಹೊಳೆದದ್ದು ಅಷ್ಟೇ.

"ಗ್ರಹಣ ಬಿಟ್ಟ ಕೂಡ್ಲೆ ಹೊಂಡೋದು. ಏಳಕ್ಕ ನಮ್ಮ ಕೆಲಸದ ಮುಕಾದಮನ ಟೆಂಪೊ ಸ್ಟೇಷನ್ನಿಗಿ ಹೊಂಟದ. ನೀವು ಅಂಜಬ್ಯಾಡ್ರಿ ಮತ್ತ. ಹಾಲು ಬರ್ತಾವ, ಕೂಸು ಅಳ್ತದ, ಎಲ್ಲಾ ಆಗ್ತದ." ಸಾಬವ್ವ ದೀಪಾಲಿಯ ಗಲ್ಲ ಮುಟ್ಟಿ ನೆಟಿಗೆ ಮುರಿದಳು. ಬಸ್ಸು ಬಂತು. ಹೊಟ್ಟೆ ಮುಂದೆ ಮಾಡಿಕೊಂಡು ಹತ್ತಿದಳು. ಕಿಟಕಿಯಿಂದ ಕೈ ಬೀಸಿದಳು. ದೀಪಾಲಿ ಬಾಯಿ ತೆರೆದಿದ್ದಳು. ಮಾತು ಹೊರಡುವ ಮೊದಲು ಬಸ್ಸು ಹೊರಟಿತು.

ಮನೆಗೆ ಬಂದವಳು ಯಾರಿಗೆ ಹೇಳಬೇಕು? ಶಿವಪ್ರಕಾಶ ಬೆಲ್ಲದ ಖರೀದಿಗೆ ಬಾರಾಮತಿಗೆ ಹೋಗಿದ್ದ, ಗುರುವಾರ ಬರುವವನು. ಮನೆಯಲ್ಲಿದ್ದದ್ದು ಅತ್ತೆ ಕಾಶವ್ವ ಒಬ್ಬಳೇ.

ಕಾಶವ್ವ ಇಂಡಿ ತಾಲೂಕಿನಿಂದ ಬಂದು ಮೂರು ತಿಂಗಳಾಗಿತ್ತು. ಬಂದ ದಿನದಿಂದ ದೀಪಾಲಿಗೆ ಆ ಎರಡು ಕೋಣೆಯ ಮನೆ ಮತ್ತೂ ಸಣ್ಣದಾಗಿತ್ತು. ಹೊಸ್ತಿಲ ಮೇಲೆ ಕೂಡಬೇಡ, ನಡುಮಧ್ಯಾಹ್ನ ಹೊರಗೆ ಹೋಗಬೇಡ, ಕೂದಲು ಬಿಟ್ಟುಕೊಂಡು ಗ್ಯಾಲರಿಯಲ್ಲಿ ನಿಲ್ಲಬೇಡ, ಪಪ್ಪಾಯಿ ಬೇಡ, ಸಿನಿಮಾ ಬೇಡ. ಶುಕ್ರವಾರ ಅಪ್ಪ ಬಂದು ಸೊಲ್ಲಾಪುರಕ್ಕೆ ಕರೆದೊಯ್ಯುವವನಿದ್ದ. ಚೊಚ್ಚಲ ಬಾಣಂತನ ತವರಿನದು. ಅವ್ವ ಗಾಳಿ ಬರುವ ಕೋಣೆ ಸುಣ್ಣ ಬಳಿಸಿ ಇಟ್ಟಿದ್ದಳಂತೆ. ದೀಪಾಲಿ ಶುಕ್ರವಾರದ ಮೇಲೇ ಉಸಿರು ಹಿಡಿದುಕೊಂಡಿದ್ದಳು.

ಕಾಶವ್ವನದು ಇನ್ನೊಂದು ವಿಶೇಷವಿತ್ತು. ಅವಳು ಹುಟ್ಟಿದ್ದೇ ಕಾಲು ಮುಂದಾಗಿ. ಹಾಗೆ ಹುಟ್ಟಿದವರ ಕಾಲು ತಾಗಿದರೆ ಹಿಡಿದುಕೊಂಡ ಬೆನ್ನು ಬಿಡುತ್ತದೆಂದು ಆ ಕಡೆಯವರ ನಂಬಿಕೆ, ಮರಾಠಿಯವರದೂ ಅದೇ. ಸುದ್ದಿ ಧನಕವಡಿಯ ಓಣಿಗೆ ಹಬ್ಬಲು ವಾರ ಹಿಡಿಯಲಿಲ್ಲ. ಕೆಳಗಿನ ಮನೆಯ ಮಾಲೀಕ, ರಿಕ್ಷಾ ಓಡಿಸುವ ಪಂಢರಿನಾಥ, ಮೆಟ್ಟಿಲ ಕೆಳಗೆ ಬೋರಲು ಮಲಗಿ "ಕಾಕೂ, ಜೋರಾತ್ ಮಾರಾ," ಕಾಕಿ, ಜೋರಾಗಿ ಒದೆಯಿರಿ, ಎನ್ನುತ್ತಿದ್ದ. ಕಾಶವ್ವ ಸೆರಗು ಬಿಗಿದು, ಗೋಡೆ ಹಿಡಿದು, ಎಡಗಾಲಿನಿಂದ ಮೂರು ಸಲ ಅವನ ಬೆನ್ನಿಗೆ ಒದೆಯುತ್ತಿದ್ದಳು. ಅವನು ಎದ್ದು ಅದೇ ಕಾಲಿಗೆ ನಮಸ್ಕಾರ ಮಾಡಿ ರಿಕ್ಷಾ ಹತ್ತುತ್ತಿದ್ದ. ದೀಪಾಲಿಗೆ ಇದನ್ನು ನೋಡಿ ನಗು, ನಾಚಿಕೆ ಎರಡೂ ಬರುತ್ತಿದ್ದವು.

ಬುಧವಾರ ಗ್ರಹಣ. ಸಂಜೆ ಐದರಿಂದ ಏಳರ ತನಕ ಎಂದು ಪಂಚಾಂಗ, ಟಿವಿ ಎರಡೂ ಹೇಳಿದ್ದವು. ಕಾಶವ್ವ ಮಧ್ಯಾಹ್ನದಿಂದಲೇ ಒಳಕೋಣೆಯ ಕಿಟಕಿಗೆ ಹಳೆಯ ಪತ್ರಿಕೆಗಳನ್ನು ಅಂಟಿಸಿದಳು, ಒಂದು ಸುತ್ತು, ಅದರ ಮೇಲೆ ಇನ್ನೊಂದು ಸುತ್ತು. ಬಾಗಿಲ ಸಂದಿಗೆ ಸೀರೆ ತುರುಕಿದಳು. ಕತ್ತರಿ, ಸೂಜಿ, ಈಳಿಗೆ, ದೀಪಾಲಿಯ ಪೆನ್ನು ಕೂಡ ಹೊರಗೆ ಹೋಯಿತು. ಫ್ಯಾನು ಬಂದ್, ಗಾಳಿಯಲ್ಲಿ ಹೊರಗಿನದು ಒಳಗೆ ಬರುತ್ತದಂತೆ. ನೀರು ಕೂಡ ಇಲ್ಲ.

"ನೆಟ್ಟಗ ಕೂಡು. ಕೈ ಮಡಚಬ್ಯಾಡ, ಕಾಲು ಮಡಚಬ್ಯಾಡ. ತುರಿಸ್ಕೋಬ್ಯಾಡ."

"ತುರಿಕಿ ಬಂದ್ರ?"

"ಬರ್ಲಿ. ನೀ ತುರಿಸಿದಲ್ಲೇ ಕೂಸಿನ ಮೈಮ್ಯಾಗ ಕಲಿ ಬೀಳ್ತದ."

ಬಾಗಿಲು ಮುಚ್ಚಿತು. ಕಾಶವ್ವ ಹೊರಗೆ ಹೋಗಲಿಲ್ಲ, ಒಳಗೇ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಕತ್ತಲಲ್ಲಿ ಅವಳ ಬಳೆಯ ಸದ್ದು ಮಾತ್ರ. ದೀಪಾಲಿ ಗೋಡೆಗೆ ಆತು ಕಾಲು ಚಾಚಿ ಕೂತಿದ್ದಳು. ಸೆಖೆಗೆ ಬೆನ್ನಿನಲ್ಲಿ ಬೆವರಿಳಿದು ತುರಿಕೆ ಎದ್ದಿತು. ಆ ತುರಿಕೆಗಿಂತ ಹೆಚ್ಚಾಗಿ ಕೊರೆಯುತ್ತಿದ್ದದ್ದು ಒಂದೇ ಮಾತು. ಈಗ ಕೊಂಢವಾದ ತಗಡಿನ ಶೆಡ್ಡಿನಲ್ಲಿ ಸಾಬವ್ವನೂ ಹೀಗೇ ಕೂತಿರುತ್ತಾಳೆ. ಪಕ್ಕದಲ್ಲಿ ಕಟ್ಟಿಟ್ಟ ಗಂಟು. ಏಳಕ್ಕೆ ಟೆಂಪೊ. ಆಮೇಲೆ ಗಾಡಿ. ಆಮೇಲೆ ಆ ಓಣಿ, ಆ ಮುದುಕಿ. ನಾನು "ತಿರುಗ್ತದಂತ" ಅಂದೆ. ನಕ್ಕೊಂತ ಅಂದೆ.

ಹೊರಗೆ ಕಾಗೆಗಳು ಹೊತ್ತಲ್ಲದ ಹೊತ್ತಿನಲ್ಲಿ ಗದ್ದಲ ಹಾಕಿದವು. ಕೆಳಗಿನ ಮನೆಯ ಟಿವಿಯಿಂದ ಗ್ರಹಣದ ಮಾತು ಸಣ್ಣಗೆ ಕೇಳುತ್ತಿತ್ತು. ಆರು ಹೊಡೆಯುತ್ತಿದ್ದಂತೆ ದೀಪಾಲಿಗೆ ತಡೆಯಲಾಗಲಿಲ್ಲ.

"ಅತ್ಯಾರ, ಒಂದು ತಪ್ಪು ಮಾಡೀನ್ರಿ."

ಬಳೆ ಝಲ್ಲೆಂದಿತು. "ಏನ್ ಕತ್ತರಿಸಿದಿ?"

"ಏನೂ ಕತ್ತರಿಸಿಲ್ರಿ. ನಿನ್ನೆ ದವಾಖಾನ್ಯಾಗ..."

ಹೇಳಿದಳು. ಕತ್ತಲಲ್ಲಿ ಹೇಳುವುದು ಸುಲಭವಾಯಿತು. ಕಾಲು ಕೆಳಗಿರುವುದು, ಡಾಕ್ಟರಮ್ಮ ಬೇಡವೆಂದದ್ದು, ತಾನು ಬಚ್ಚಿಟ್ಟದ್ದು, ಸಾಬವ್ವ ಇಂದೇ ಹೊರಟಿರುವುದು. ಬೈಗುಳಕ್ಕಾಗಿ ಕಾಯ್ದಳು. ಬೈಗುಳ ಬರಲಿಲ್ಲ. ಕಾಶವ್ವನ ದನಿ ಬಂತು, ಯಾವ ಏರಿಳಿತವೂ ಇಲ್ಲದೆ.

"ಎಲ್ಲಾರೂ ನನ್ನ ಕಾಲ ಹಿಡೀತಾರ. ಒದಿಸ್ಕೊಂಡು ನಮಸ್ಕಾರ ಮಾಡ್ತಾರ. ಈ ಕಾಲು ಮದ್ಲ ಏನ್ ಮಾಡ್ತು, ಯಾರರ ಕೇಳ್ಯಾರೇನು?"

ಕಾಶವ್ವ ಅಂಗೈಯಿಂದ ತನ್ನ ಪಾದ ತಟ್ಟಿದ ಸದ್ದಾಯಿತು.

"ನಮ್ಮವ್ವನ್ನ ತಿಂತು. ಕಾಲು ಹೊರಗ ಬಂದ್ವಂತ, ತಲಿ ಬರ್ಲಿಲ್ಲಂತ. ಒಂದು ಹಗಲು ಒಂದು ರಾತ್ರಿ. ಸೂಲಗಿತ್ತಿ ಕಾಲ ಹಿಡದು ಜಗ್ಗಿದ್ಲಂತ. ನಾ ಉಳದೆ. ಅಕಿ ನನ್ನ ಮಾರಿ ನೋಡ್ಲಿಲ್ಲ. ಊರಾನ ಮಂದಿ ನನ್ನ ಎತ್ತಿ ಆಡಸ್ತಿದ್ರು, ಪಾಯಾಳು ಕೂಸು, ಪುಣ್ಯಾದ ಕಾಲು ಅಂತ. ಅಜ್ಜಿ ಒಬ್ಬಾಕೀನಽ ನನ್ನ ಕಾಲಿಗೆ ಎಂದೂ ಎಣ್ಣಿ ಹಚ್ಚಲಿಲ್ಲ."

ಅವಳು ಎದ್ದಳು. ಮಂಡಿ ಚಟಚಟ ಅಂದವು.

"ಅಕಿ ಮನಿ ಎಲ್ಲದ?"

"ನಾನೂ ಬರ್ತೀನ್ರಿ."

"ನೀ ಬರಂಗಿಲ್ಲ. ನಿನ್ನ ಹೊಟ್ಟ್ಯಾಗಿಂದು ನಮ್ಮ ಮನೀದು. ನನಗೇನು, ನಾ ಮುದುಕಿ, ಗ್ರಹಣ ನನಗೇನ್ ಮಾಡ್ತದ? ಮನಿ ಹೇಳು."

ಕಾತ್ರಜ್ ರಸ್ತೆಯಿಂದ ಕೊಂಢವಾಕ್ಕೆ ಹೋದರೆ, ಎಡಕ್ಕೆ ನೀಲಿ ತಗಡಿನ ಬೇಲಿ, ಒಳಗೆ ಏಳಂತಸ್ತಿನ ಕಟ್ಟಡ, ಹಿಂದೆ ನೀರಿನ ಟಾಕಿ. ಸಾಬವ್ವ ಎಂದೋ ಬಾಯಲ್ಲಿ ಹೇಳಿದ್ದಷ್ಟೇ. ದೀಪಾಲಿ ಒಮ್ಮೆಯೂ ಹೋಗಿರಲಿಲ್ಲ. ಕಾಶವ್ವ ಎರಡು ಸಲ ಹೇಳಿಸಿಕೊಂಡು ಹೊರಬಿದ್ದು ಬಾಗಿಲೆಳೆದುಕೊಂಡಳು. ಹೊರಗಿನಿಂದ ಚಿಲಕ ಬಿತ್ತು.

"ಅತ್ಯಾರ, ಚಿಲಕಾ ಯಾಕ್ರಿ?"

"ನೀ ಓದಿದಾಕಿ. ಓದಿದವರು ಎದ್ದು 'ಏನಾಗ್ತದ' ಅಂತ ಕಿಟಕಿ ತಗೀತಾರ."

ಮೆಟ್ಟಿಲ ಮೇಲೆ ಹೆಜ್ಜೆಗಳು ಇಳಿದವು. ಕೆಳಗೆ ಪಂಢರಿನಾಥನ ದನಿ ಏರಿತು: ಕಾಕೂ, ಗ್ರಹಣದಲ್ಲಿ ರಿಕ್ಷಾ ಹೇಗೆ ತೆಗೆಯಲಿ, ಹೊರಗೆ ನಾಯಿಯೂ ಇಲ್ಲ. ಕಾಶವ್ವನಿಗೆ ಬರುತ್ತಿದ್ದ ಮರಾಠಿ ಹತ್ತು ಮಾತಿನದು. ಅದರಲ್ಲಿ ಒಂಬತ್ತನ್ನು ಖರ್ಚು ಮಾಡಿ, ಕೊನೆಗೆ ಕನ್ನಡದಲ್ಲೇ ಗದರಿದಳು, "ನಾಳೆ ಬೆನ್ನು ಹಿಡೀತು ಅಂತ ಬಾ, ಆವಾಗ ನಿನಗ ಕಾಲು ತೋರಿಸ್ತೀನಿ!" ಪಂಢರಿನಾಥನಿಗೆ ಕನ್ನಡ ಬಾರದು, ಕಾಲು ನೆಲಕ್ಕಪ್ಪಳಿಸಿದ್ದು ಅರ್ಥವಾಗಿರಬೇಕು. ರಿಕ್ಷಾ ಎರಡು ಸಲ ಕೆಮ್ಮಿ ಹೊರಟಿತು.

ಆಮೇಲೆ ಏನೂ ಇಲ್ಲ.

ದೀಪಾಲಿ ಬಾಗಿಲು ತಳ್ಳಿ ನೋಡಿದಳು. ಗಂಟಲು ಒಣಗಿತ್ತು. ತಂಬಿಗೆ ಹೊರಗಿತ್ತು. ಪತ್ರಿಕೆಯ ಅಂಚಿನಲ್ಲಿ ಗೆರೆಯಷ್ಟು ಬೆಳಕು. ಅದೂ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಕಿಟಕಿಯ ಹತ್ತಿರ ಹೋಗಿ ಕೈ ಎತ್ತಿದಳು. ಒಂದು ಅಂಚು ಕಿತ್ತರೆ ಗಾಳಿ ಬರುತ್ತದೆ. ತಾನು ಇದನ್ನೆಲ್ಲ ನಂಬುವವಳಲ್ಲ. ಎತ್ತಿದ ಕೈ ಹಾಗೇ ನಿಂತಿತು. ಹೊಟ್ಟೆಯೊಳಗೆ ಕೂಸು ಹೊರಳಿತು, ಅವಳು ಕೈ ಇಳಿಸಿದಳು. ನಂಬದಿದ್ದರೂ ಕೈ ಇಳಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಮತ್ತೆ ಗೋಡೆಗೆ ಆತು ಕೂತು ಕಾಲು ಚಾಚಿದಳು.

ಕಾಶವ್ವನಿಗೆ ಜಾಗ ಸಿಗದಿದ್ದರೆ? ಸಿಕ್ಕರೂ, ಯಾರೋ ಮುದುಕಿ ಗ್ರಹಣದ ಹೊತ್ತಿನಲ್ಲಿ ಓಡಿ ಬಂದು ಒದರಿದರೆ ಯಾರು ಕೇಳುತ್ತಾರೆ? ಸಾಬವ್ವ ನಂಬುವುದು ತನ್ನನ್ನು. ಬಾಕಿನ ಮೇಲೆ ಪಕ್ಕದಲ್ಲಿ ಕೂತು ನಕ್ಕವಳನ್ನು. ಅಕ್ಕಾರು ಹೇಳ್ಯಾರ, ತಿರುಗ್ತದಂತ, ಎಂದು ಟೆಂಪೊ ಹತ್ತುತ್ತಾಳೆ. ದೀಪಾಲಿಗೆ ಆ ನೋಟ್‌ಬುಕ್ ನೆನಪಾಯಿತು. ಇಷ್ಟು ಭಯ ಬರೆದಿದ್ದಳಲ್ಲ, ತನ್ನ ಬಾಯಿಂದಲೇ ಒಬ್ಬಳ ಜೀವಕ್ಕೆ ಕುತ್ತು ಬಂದರೆ ಎಂಬುದು ಅದರಲ್ಲಿ ಇರಲಿಲ್ಲ. ಹೊರಗಿನ ಗಡಿಯಾರ ಆರೂವರೆ ಹೊಡೆಯಿತು. ಯುಗ ಕಳೆದ ಮೇಲೆ ಏಳು ಹೊಡೆಯಿತು. ಓಣಿಯಲ್ಲಿ ನೀರು ಸುರುವಿಕೊಳ್ಳುವ ಸದ್ದು, ಮಕ್ಕಳ ಕೇಕೆ. ಎಲ್ಲರ ಗ್ರಹಣವೂ ಬಿಟ್ಟಿತು. ಅವಳ ಬಾಗಿಲ ಚಿಲಕ ಬಿಡಲಿಲ್ಲ. "ರಂಗೂಬಾಯಿ!" ಎಂದು ಪಂಢರಿನಾಥನ ತಾಯಿಯನ್ನು ಕೂಗಿದಳು. ಮುದುಕಿಗೆ ಕಿವಿ ಮಂದ, ಮೇಲಾಗಿ ಟಿವಿ ಜೋರು.

ಏಳೂ ಮುಕ್ಕಾಲಿಗೆ ರಿಕ್ಷಾ ನಿಂತಿತು. ಮೆಟ್ಟಿಲ ಮೇಲೆ ಒಂದಕ್ಕಿಂತ ಹೆಚ್ಚು ಹೆಜ್ಜೆಗಳು. ಚಿಲಕ ತೆಗೆದದ್ದು ಕಾಶವ್ವ. ತುಂತುರಿಗೆ ತಲೆಯೆಲ್ಲ ತೊಯ್ದಿತ್ತು. "ಗೇಟಿನ್ಯಾಗ ಟೆಂಪೊ ಹೊಂಟಿತ್ತು. ಪಂಢರಿನಾಥ ರಿಕ್ಷಾ ಅಡ್ಡ ಹಾಕ್ದ," ಎಂದು ಉಸಿರು ಬಿಟ್ಟು, ಪಕ್ಕಕ್ಕೆ ಸರಿದಳು.

ಅವಳ ಹಿಂದೆ ಸಾಬವ್ವ. ಅವಳ ಹಿಂದೆ, ಬಗಲಲ್ಲಿ ಗಂಟು, ತಲೆಯ ಮೇಲೆ ಟವೆಲು, ಮೂವತ್ತರ ಒಬ್ಬ ಗಂಡಸು; ಪಂಚಮಿಗೆ ಕರೆಯಲು ಬಂದ ಅಣ್ಣ ಅವ್ವಣ್ಣ. ಅವನು ಹೊಸ್ತಿಲಾಚೆಯೇ ನಿಂತ. ಸಾಬವ್ವ ಒಳಗೆ ಬಂದು, ಹಾಸಿದ ಚಾಪೆ ಬಿಟ್ಟು ನೆಲದ ಮೇಲೆ, ದೀಪಾಲಿಯ ಎದುರಿಗೆ ಕೂತಳು.

"ಈ ಅಮ್ಮ ಹೇಳಿದ್ದು ಖರೇ ಏನು?"

ಅಕ್ಕಾರ ಎನ್ನಲಿಲ್ಲ.

"ಖರೇ."

"ನಿನ್ನೆ ನಕ್ಕೊಂತ ಹೇಳ್ದಿ."

"ನೀ ಅಳ್ತಿ ಅಂತ ಅಂಜಿದ್ದೆ."

"ನಾ ಅತ್ತಿದ್ರ ನಿನಗೇನು ತ್ರಾಸಾಗ್ತಿತ್ತು? ಎರಡು ಹೆಣ ಬಿದ್ಮ್ಯಾಲ ಅಳೋರು ಅಳಬೇಕಾಗಿತ್ತೇನು?"

ಸಾಬವ್ವ ಕಣ್ಣೊರೆಸಿಕೊಳ್ಳಲಿಲ್ಲ, ಕಣ್ಣಲ್ಲಿ ನೀರೇ ಇರಲಿಲ್ಲ.

"ಈಗ ಹೇಳು. ಡಾಕ್ಟರಮ್ಮ ಅಂದದ್ದು ಒಂದೊಂದು ಮಾತು. ಒಂದೂ ನುಂಗಬ್ಯಾಡ."

ದೀಪಾಲಿ ಹೇಳಿದಳು. ಸೊಂಟ ಸಣ್ಣದು ಎಂದದ್ದು, ತಿರುಗುವ ಭರವಸೆ ಕಡಿಮೆ ಎಂದದ್ದು, ತಲೆ ಸಿಕ್ಕಿಕೊಂಡರೆ ಇಬ್ಬರೂ ಉಳಿಯುವುದಿಲ್ಲ ಎಂದದ್ದು. ಆ ಕೊನೆಯ ಮಾತಿಗೆ ಬಾಗಿಲಲ್ಲಿ ಅವ್ವಣ್ಣ "ಶಿವನೇ" ಎಂದ.

"ಕೊಯ್ತಾರೇನು?"

"ಕೊಯ್ಬಹುದು ಅಂದಾರ."

"ಕೊಯ್ದ್ರ ಬದುಕ್ತೀನೇನು?"

ಬಾಕಿನ ಮೇಲೆ ಕಲಿತ ಮಾತುಗಳೆಲ್ಲ ದೀಪಾಲಿಯ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡಳು. "ಅದು ನನಗ ಗೊತ್ತಿಲ್ಲ ಸಾಬವ್ವ. ಅವರೂ ಹೇಳಿಲ್ಲ. ಹಳ್ಳ್ಯಾಗ ಬ್ಯಾಡ ಅಂದಾರ, ಅಷ್ಟಽ."

ಅವ್ವಣ್ಣ ಗಂಟು ಇನ್ನೊಂದು ಬಗಲಿಗೆ ಬದಲಿಸಿದ. "ಅವ್ವ ಉಂಡಿ ಕಟ್ಟಿ ಕುಂತಾಳ. ಜೋಕಾಲಿ ಹಗ್ಗ ಹೊಸಾದು ತಂದೀನಿ. ಬರಿಗೈಲೆ ಹೋಗಿ ಏನ್ ಹೇಳ್ಲಿ? ಗಾಡಿಗಿನ್ನೂ ಹೊತ್ತದ. ನಮ್ಮ ಮುದುಕಿ ಎಂಥೆಂಥಾವು ತಿರುಗಿಸ್ಯಾಳ ಸಾಬೀ."

"ದೊಡ್ಡಕ್ಕನ ಹೊಟ್ಟ್ಯಾಗಿಂದೂ ಅಕೀನಽ ತಿರುಗಿಸಿದ್ಲು, ಮೂರು ದಿನಾ," ಎಂದಳು ಸಾಬವ್ವ, ಅವನ ಕಡೆ ನೋಡದೆ. "ಆಮ್ಯಾಲ ಕಲಬುರ್ಗಿಗಿ ಒಯ್ದ್ರಿ. ನಾವು ಕೊಯ್ದದ್ದಽ ನೆನಪಿಟ್ವಿ. ಮೂರು ದಿನ ಯಾರೂ ನೆನಪಿಡ್ಲಿಲ್ಲ."

ಅವ್ವಣ್ಣ ಗಂಟನ್ನು ಹೊಸ್ತಿಲ ಒಳಗೆ ಇಳಿಸಿದ. ಕಾಶವ್ವ ಅಡಿಗೆಯ ಕಟ್ಟೆಯ ಹತ್ತಿರ ನಿಂತು ಕೇಳುತ್ತಿದ್ದಳು.

"ನೀ ಹೋಗಣ್ಣ. ಅವ್ವಗ ಇದ್ದದ್ದು ಇದ್ದಂಗ ಹೇಳು." ಆಮೇಲೆ ದೀಪಾಲಿಗೆ, "ದೊಡ್ಡ ದವಾಖಾನ್ಯಾಗ ನಮ್ಮ ಮಾತು ಆಡೋರು ಯಾರರ ಇರ್ತಾರೇನು?"

"ಗೊತ್ತಿಲ್ಲ. ಇರಲಿಕ್ಕಿಲ್ಲ."

"ಬಾಬುಗ ಸಿಮೆಂಟು, ರೇತಿ ಬಿಟ್ರ ಬ್ಯಾರೆ ಮರಾಠಿ ಬರಂಗಿಲ್ಲ. ನೀ ಬರಬೇಕು. ಚೀಟಿ ಕೊಡೋ ದಿನಾನೂ, ಅಲ್ಲಿ ಸೇರಿಸೋ ದಿನಾನೂ." ದೀಪಾಲಿಯ ಮುಖ ನೋಡಿಯೇ ಹೇಳಿದಳು, "ನಿನ್ನ ಮ್ಯಾಲ ನನಗ ನಂಬಿಗಿ ಉಳದಿಲ್ಲ. ಆದ್ರ ನಿನ್ನ ಬಿಟ್ರ ಯಾರೂ ಇಲ್ಲ."

"ಶುಕ್ರವಾರ ಇಕಿ ತವರಿಗೆ ಹೊಂಟಾಳವಾ," ಎಂದಳು ಕಾಶವ್ವ. "ಇಕೀಗೂ ದಿನಾ ತುಂಬಾಕ ಬಂದಾವು."

ಸಾಬವ್ವ ಬೇಡಲಿಲ್ಲ, ಬೈಯಲಿಲ್ಲ. ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದಳು. ದೀಪಾಲಿಗೆ ಸೊಲ್ಲಾಪುರದ ಸುಣ್ಣದ ಕೋಣೆ ಕಣ್ಣ ಮುಂದೆ ಬಂತು. ಈ ಶುಕ್ರವಾರ ತಪ್ಪಿದರೆ ಮುಂದೆ ಪ್ರಯಾಣಕ್ಕೆ ಡಾಕ್ಟರಮ್ಮನೇ ಬೇಡವೆನ್ನುತ್ತಾರೆ. ಆಮೇಲೆ ಈ ಕೋಣೆಯೇ. ಈ ಕಿಟಕಿ, ಮಂಚದ ಕೆಳಗೆ ಕೆಂಡದ ಶೇಗಡಿ, ನಲವತ್ತು ದಿನ ಈ ಕಾಶವ್ವ.

"ನಾ ಹೋಗಂಗಿಲ್ರಿ," ಎಂದಳು. ದನಿ ತನ್ನದೇ ಎನ್ನಿಸಲಿಲ್ಲ.

ಕಾಶವ್ವ ಸೊಸೆಯನ್ನು ನೋಡಿದಳು. "ಹಂಗಾರ ಬಾಣಂತನ ಇಲ್ಲೇ. ನನ್ನ ಕೈಯಾಗ. ಆಮ್ಯಾಲ ಸೆಖಿ, ಹೊಗಿ ಅಂತ ಅಳಬ್ಯಾಡ." ಪಾತ್ರೆಯಲ್ಲಿ ಹೊಸ ನೀರು ತುಂಬಿ ಒಲೆಯ ಮೇಲಿಟ್ಟಳು. "ಮದ್ಲ ಇಬ್ಬರೂ ತಲಿಗೆ ನೀರ ಹಾಕ್ಕೋರಿ. ಆಮ್ಯಾಲ ನಿಮ್ಮವ್ವಗ ಫೋನ್ ಹಚ್ಚು. ಪಾಪ, ಹಾದಿ ನೋಡ್ತಿರ್ತಾಳ."

ಫೋನಿದ್ದದ್ದು ಕೆಳಗೆ, ರಂಗೂಬಾಯಿಯ ಮನೆಯಲ್ಲಿ. ಜಳಕ ಮುಗಿಸಿ ದೀಪಾಲಿ ಒದ್ದೆ ಕೂದಲಲ್ಲೇ ಇಳಿದಳು. ಹಿಂದೆ ಸಾಬವ್ವನೂ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು, ಯಾರೂ ಕರೆದಿರಲಿಲ್ಲ. ಫೋನಿನ ಪಕ್ಕದಲ್ಲಿ, ಮಾತು ಕೇಳುವಷ್ಟು ಹತ್ತಿರ ನಿಂತಳು.

ಸೊಲ್ಲಾಪುರದಲ್ಲಿ ಮೊದಲ ಗಂಟೆಗೇ ಅವ್ವ ಫೋನೆತ್ತಿದಳು. ಗ್ರಹಣದಲ್ಲಿ ಮುಚ್ಚಿಕೊಂಡು ಕೂತಿದ್ದೆಯಾ, ಏನಾದರೂ ಮುಟ್ಟಿದೆಯಾ, ಶುಕ್ರವಾರ ಎಷ್ಟು ಗಂಟೆಗೆ ಹೊರಡುತ್ತೀರಿ, ಹಾಸಿಗೆ ಹೊಸದು ಹೊಲಿಸೀನಿ ಎಂದು ಒಂದೇ ಉಸಿರಿಗೆ ಕೇಳಿದಳು.

"ಅವ್ವಾ, ನಾ ಬರಂಗಿಲ್ಲ. ಇಲ್ಲೇ ಹಡೀತೀನಿ."

ಅವ್ವನ ದನಿ ಸಣ್ಣದಾಗಿ ಬಂತು. "ಯಾಕ? ಅತ್ತಿ ಬ್ಯಾಡಂದ್ರೇನು? ಏನರ ಆಗ್ಯದೇನು? ದೀಪಾ, ನೀ ಆರಾಮ ಅದಿ ಹೌದಿಲ್ಲೋ?"

ಸಾಬವ್ವ ಅವಳ ಬಾಯಿಯನ್ನೇ ನೋಡುತ್ತಿದ್ದಳು.

"ಕೂಸು ಆರಾಮ ಅದ ಅವ್ವಾ. ಅತ್ಯಾರು ಏನೂ ಅಂದಿಲ್ಲ, ನಾನಽ ನಿಂತೀನಿ." ದೀಪಾಲಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಆದ್ರ ನನಗ ಭಾಳ ಅಂಜಿಕಿ ಆಗ್ಯದ."